ಎದೆಮಟ್ಟಕ್ಕೆ ಮೊದಲೇ ಕವಲೊಡೆದ ತುಗ್ಗಲಿ

ಮರ ಎಣಿಸುವ ಮಾನ್ಯ ಅಧಿಕಾರಿಗಳೇ,

ಜಾವಗಲ್ ಹೋಬಳಿಯ ನಮ್ಮೂರ ದನ ಮೇಯುವ ಕಾವಲಿನಲ್ಲಿ ಒಂದೂ ಮರವಿಲ್ಲ ಎಂದು ತಮ್ಮ ಕಚೇರಿ ವರದಿ ಕೊಟ್ಟಿದೆ. ಅದನ್ನು ನಾನು ಓದಿದ್ದು ಅದೇ ಕಾವಲಿನ ದೊಡ್ಡ ತುಗ್ಗಲಿ ಮರದ ನೆರಳಿನಲ್ಲಿ ಕೂತು. ಪೊದೆಗಳನ್ನು ತೆಗೆದು ಸಾಲಾಗಿ ಸಸಿ ನೆಡಬಹುದು ಎಂದೂ ಬರೆದಿದ್ದೀರಿ. ಮರ ಕಡಿದು ಮರ ಬೆಳೆಸುವ ಈ ಯೋಜನೆಗೆ ನನ್ನ ವಿರೋಧವಿದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಹಾಗಾಗಿ ಅಳತೆಯ ಮೇಲೆ ನನಗೆ ಸಿಟ್ಟಿಲ್ಲ. ಅಳೆಯಲು ಬಂದ ಹರ್ಷಿತಾ ಎಂಬ ಹುಡುಗಿಯ ಮೇಲಂತೂ ಇಲ್ಲವೇ ಇಲ್ಲ. ಪಾಪ, ಬಿಸಿಲಲ್ಲಿ ಟೇಪು ಹಿಡಿದು ಬೆವರುತ್ತಿದ್ದಳು. ದನ ಬಿಟ್ಟುಕೊಂಡು ಮರದಡಿ ಕೂತಿದ್ದ ನಮ್ಮತ್ತೆ ಬಸಮ್ಮನಿಗೆ ಅವಳು ವಿವರಿಸಿದಳು: "ಅಜ್ಜಿ, ಎದೆಮಟ್ಟದಲ್ಲಿ ಒಂದೇ ಕಾಂಡ ಇರ್ಬೇಕು. ಇದು ಮೊಣಕಾಲ ಹತ್ರಾನೇ ಕವಲೊಡೆದಿದೆ. ಮರದ ಲೆಕ್ಕಕ್ಕೆ ಬರಲ್ಲ."

"ಲೆಕ್ಕಕ್ಕೆ ಬರ್ದಿದ್ರೆ ಅದ್ರ ನೆಳ್ಳಲ್ಲಿ ಯಾಕವ್ವ ನಿಂತ್ಕಂಡಿದೀಯ? ಬಿಸ್ಲಿಗ್ ಹೋಗಿ ಬರ್ಕೋ" ಎಂದರು ಅತ್ತೆ.

ಹುಡುಗಿ ನಕ್ಕಳು. "ನಿಯಮ ಹಾಗಿದೆ ಅಜ್ಜಿ, ನಾನೇನ್ ಮಾಡ್ಲಿ?" ಎಂದು ಅಲ್ಲೇ ನಿಂತು 'ಪೊದೆ' ಎಂದು ಬರೆದುಕೊಂಡಳು.

ಸ್ವಾಮಿ, ದಟ್ಟ ಕಾಡಿನ ಮರ ಬೆಳಕು ಹುಡುಕಿಕೊಂಡು ನೆಟ್ಟಗೆ ಏರುತ್ತದೆ. ಬಯಲಿನ ಮರಕ್ಕೆ ಆ ಅವಸರ ಏಕೆ? ಅದು ಪಕ್ಕಕ್ಕೆ ಹರಡುತ್ತದೆ. ಮೇಕೆ ಕಡಿದು, ಬೇಸಿಗೆಯ ಬೆಂಕಿ ತಾಗಿ, ಮತ್ತೆ ಬುಡದಿಂದ ನಾಲ್ಕಾರು ಕಾಂಡ ಚಿಗುರಿಸಿಕೊಂಡು ಬದುಕುತ್ತದೆ. ಕಾಂಡದ ಸುತ್ತಳತೆಯಿಂದ ಎತ್ತರ, ಎತ್ತರದಿಂದ ಬೆಳವಣಿಗೆ ಅಂದಾಜು ಮಾಡುವ ತಮ್ಮ ಸೂತ್ರವನ್ನು ಯಾವುದೋ ಕಾಡಿನ ಮರಗಳನ್ನು ಅಳೆದು ಕಟ್ಟಿದ್ದಾರೆ. ಅಲ್ಲಿಗೆ ಅದು ಸರಿಯೇ ಇರಬಹುದು. ಆದರೆ ಇನ್ನೊಬ್ಬರ ಮೈಗೆ ಹೊಲಿದ ಅಂಗಿಯನ್ನು ನಮ್ಮ ಮರಕ್ಕೆ ತೊಡಿಸಿ, ಹೊಂದಲಿಲ್ಲವೆಂದು ಮರವನ್ನೇ ಕತ್ತರಿಸುವುದು ಯಾವ ಶಾಸ್ತ್ರ? ನನ್ನ ವಿದ್ಯಾರ್ಥಿ ಉತ್ತರ ತಾಳೆಯಾಗಲಿಲ್ಲವೆಂದು ಪ್ರಶ್ನೆಯನ್ನೇ ಅಳಿಸಿದರೆ ನಾನು ಸೊನ್ನೆ ಕೊಡುತ್ತೇನೆ. ತಮಗೆ ಬಡ್ತಿ ಕೊಡುತ್ತಾರೇನೋ.

ನೆರಳು ಹೋದರೆ ಏನಾಗುತ್ತದೆ ಎಂಬುದು ನಮಗೆ ಊಹೆಯಲ್ಲ. ಪಕ್ಕದೂರಿನ ಕಾವಲನ್ನು ಹೀಗೆಯೇ ಬೋಳಿಸಿ ಸಸಿ ನೆಟ್ಟರು. ಹೋದ ಬೇಸಿಗೆಯಲ್ಲಿ ಅತ್ತೆ ಅಲ್ಲಿ ಮೇಯಲು ಬಿಟ್ಟಿದ್ದ ನಮ್ಮ ಗಬ್ಬದ ಹಸು ಮಧ್ಯಾಹ್ನದ ಬಿಸಿಲಿಗೆ ಕುಸಿದು ಬಿತ್ತು. ಕೊಡದಲ್ಲಿ ನೀರು ಹೊತ್ತು ಓಡಿದೆ. ಮೊಣಕಾಲುದ್ದದ ಸಸಿಯ ಪಕ್ಕದಲ್ಲಿ ಅದು ಕಣ್ಣು ಬಿಟ್ಟುಕೊಂಡೇ ಸತ್ತಿತ್ತು. ಹೊಟ್ಟೆಯ ಕರುವೂ ಉಳಿಯಲಿಲ್ಲ. ನಾನು ಅಲ್ಲೇ ಕೂತು ಗೋಳೋ ಎಂದು ಅತ್ತುಬಿಟ್ಟೆ. ಈಗ ನಮ್ಮೂರ ದನಗಳಿಗೆ ಉಳಿದಿರುವುದು ಈ ತುಗ್ಗಲಿಗಳ ನೆರಳೊಂದೇ.

ಆದ್ದರಿಂದ ಮತ್ತೊಮ್ಮೆ ಅಳೆಯಿರಿ. ಪ್ರತಿ ಕವಲನ್ನೂ ಅಳೆಯಿರಿ, ಮೇಲಿನ ಕೊಂಬೆಗಳ ಹರವನ್ನು ಅಳೆಯಿರಿ, ವರ್ಷ ಬಿಟ್ಟು ವರ್ಷ ಬಂದು ನೋಡಿ, ಬಯಲಿನ ಮರಕ್ಕೆ ಬಯಲಿನದೇ ಸೂತ್ರ ಕಟ್ಟಿ. ಟೇಪಿನ ಇನ್ನೊಂದು ತುದಿ ಹಿಡಿಯಲು ನಾನಿದ್ದೇನೆ. ಅಲ್ಲಿಯವರೆಗೆ ಒಂದು ರೆಂಬೆಯನ್ನೂ ಮುಟ್ಟುವಂತಿಲ್ಲ.

ಗುತ್ತಿಗೆದಾರರು ಸೋಮವಾರ ಗರಗಸದ ಯಂತ್ರ ತರುತ್ತಾರೆಂದು ಕೇಳಿದೆ. ಪೊದೆ ಸವರಲು ಯಂತ್ರವೇಕೆ? ಕುಡುಗೋಲು ಸಾಲದೇ? ತಾವೇ ಪೊದೆ ಎಂದು ಬರೆದಿದ್ದೀರಿ, ಕುಡುಗೋಲು ಹಿಡಿದು ತಾವೇ ಬನ್ನಿ. ಗರಗಸ ತಂದರೆ ಅದು ಮರವೆಂದು ಒಪ್ಪಿದ ಹಾಗೆ, ಆಗ ಮರ ಕಡಿಯುವ ಅನುಮತಿ ತೋರಿಸಿ. ಯಾವುದನ್ನು ತಂದರೂ ಸರಿಯೇ, ಅತ್ತೆ, ನಾನು, ಊರಿನ ದನ ಎಲ್ಲ ಬುಡದಲ್ಲಿ ಕೂತಿರುತ್ತೇವೆ. ಏಳುವುದಿಲ್ಲ.

ಇಂತಿ,
ತಮ್ಮ ವರದಿಯ ಪ್ರಕಾರ ಬರಿಯ ಬಿಸಿಲಿನಲ್ಲಿ ಕೂತಿರುವ
ಲತಾಮಣಿ, ಗಣಿತ ಶಿಕ್ಷಕಿ