ನಿನ್ನ ಗಾಡಿ ತಿರುಗಿಸಿದ ಆರ್ಡರ್

ಗೋದಾಮಿನ ಆಫೀಸು, ಕಿಟಕಿ ಪಕ್ಕದ ಮೇಜು
ಶನಿವಾರ, ಮಧ್ಯಾಹ್ನದ ಊಟದ ಬಿಡುವು

ಪ್ರೀತಿಯ ಡ್ರೈವರಮ್ಮನವರಿಗೆ,

ಮೊದಲು ಸೊಂಟದ ಸಮಾಚಾರ ಹೇಳು. ಆ ಸೀಟಿನ ಸ್ಪ್ರಿಂಗು ಇನ್ನೂ ಚುಚ್ಚುತ್ತಿದೆಯೋ, ಇಲ್ಲಾ ನಾನು ಕೊಟ್ಟ ದಿಂಬನ್ನು ಕೊನೆಗೂ ಹಾಕಿಕೊಂಡೆಯೋ? ಹೊತ್ತಿಗೆ ಸರಿಯಾಗಿ ಉಣ್ಣು. ಬಿಸ್ಕತ್ತು ತಿಂದು ನೀರು ಕುಡಿದರೆ ಊಟವಾಯಿತು ಅನ್ನುವುದು ನಿನ್ನ ಲೆಕ್ಕ, ಹೊಟ್ಟೆಯ ಲೆಕ್ಕವಲ್ಲ. ನಾವಿಲ್ಲಿ ಕ್ಷೇಮ, ಅಂದರೆ ಯಾರಿಗೂ ಜ್ವರವಿಲ್ಲ. ನಿನ್ನ ಅತ್ತೆ ಮೊಣಕಾಲು ಹಿಡಿದುಕೊಂಡೇ ಮನೆಯೆಲ್ಲ ಓಡಾಡಿ, ನಾನು ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆಯುತ್ತಾರೆ. ನನಗೆ ಮಾತ್ರ ಸಾಕುಸಾಕಾಗಿದೆ. ಬೆಳಿಗ್ಗೆ ಎದ್ದರೂ ಮಲಗಿ ಎದ್ದಂತೆ ಅನ್ನಿಸುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಗಾಡಿ ಓಡಿಸುತ್ತಾ ನೀನು ಮಾತಾಡಿದರೆ ನನ್ನ ಜೀವ ಬಾಯಿಗೆ ಬರುತ್ತದೆ, ನಿಲ್ಲಿಸಿ ಮಾತಾಡಿದರೆ ಎರಡೇ ಮಾತಿಗೆ ನಗಿಸಿ ಫೋನ್ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ನೀನು ಇವತ್ತು ತಂಗುವ ಪೆಟ್ರೋಲ್ ಬಂಕಿಗೇ ನಮ್ಮ ಮೀಸೆ ಮಾವನ ಲಾರಿಯೂ ಹೋಗುತ್ತದೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಡೆದದ್ದು ಹೀಗೆ. ಗೋದಾಮಿನ ಸಾಫ್ಟ್‌ವೇರಿನೊಳಗೆ ತಂದು ಕೂರಿಸಿದ ಎಐ ಏಜೆಂಟ್ ಗೊತ್ತಲ್ಲ, ನಾವೆಲ್ಲ ಹೊಸ ಅಳಿಯ ಅಂತ ಕರೆಯುವುದು. (ಅಳಿಯ ಯಾಕೆಂದರೆ ಅದನ್ನು ಗದರಲು ಮ್ಯಾನೇಜರು ಯಾರನ್ನೂ ಬಿಡುವುದಿಲ್ಲ. ನಾವು ತಪ್ಪಿದರೆ ಮಂಗಳಾರತಿ, ಅದು ತಪ್ಪಿದರೆ 'ಪಾಪ, ಈಗ ಕಲೀತಾ ಇದೆ'.) ಗಿರಾಕಿಯ ಇಮೇಲನ್ನು ಅದು ಓದಿ, ಆರ್ಡರ್ ತೆರೆದು, ವಿಳಾಸವೋ ತಾರೀಖೋ ಪೆಟ್ಟಿಗೆಗಳ ಸಂಖ್ಯೆಯೋ ಬದಲಿಸಿ ನನ್ನ ಮುಂದೆ ತಂದಿಡುತ್ತದೆ. ನಾನು ನೋಡಿ ಒಪ್ಪಿಗೆ ಒತ್ತಬೇಕು. ಒತ್ತಿದ ಕೂಡಲೇ ಅದು ಡ್ರೈವರ್ ಫೋನಿಗೆ ಹೋಗುತ್ತದೆ. ದಿನವಿಡೀ ಇದೇ. ಮೊದಲು ನಾನೇ ಟೈಪು ಮಾಡುತ್ತಿದ್ದಾಗ ಬೆರಳು ನೋಯುತ್ತಿತ್ತು, ಈಗ ಬೆರಳಿಗೆ ಆರಾಮ, ತಲೆ ನೋಯುತ್ತದೆ. ಬೇರೆಯವರು ಮಾಡಿಟ್ಟಿದ್ದಕ್ಕೆ ಹೂಂಗುಟ್ಟುತ್ತಾ ಕೂರುವುದರಲ್ಲಿ ಇಷ್ಟು ಸುಸ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ನಿನ್ನೆ ಅದು ತಂದಿಟ್ಟ ಆರ್ಡರಿನಲ್ಲಿ ನಿನ್ನ ಗಾಡಿಯ ನಂಬರಿತ್ತು. ಭಾನುವಾರ ಇಲ್ಲೇ ಪಕ್ಕದ ಊರಲ್ಲಿ ಇಳಿಸಿ ನೀನು ಮನೆಗೆ ಬರಬೇಕಿದ್ದ ಸರಕನ್ನು ದೂರದ ಆಸ್ಪತ್ರೆಗೆ ತಿರುಗಿಸಿತ್ತು. ಆ ಆಸ್ಪತ್ರೆಗೆ ಹೊರಟಿದ್ದ ಗಾಡಿಯ ಆಕ್ಸೆಲ್ ಮುರಿದಿದೆ, ಅಲ್ಲಿ ಡಯಾಲಿಸಿಸ್ ದ್ರಾವಣದ ಚೀಲಗಳು ಮುಗಿಯುತ್ತಾ ಬಂದಿವೆ, ಅದೇ ಸರಕು ತುಂಬಿಕೊಂಡು ಆ ಕಡೆ ಹತ್ತಿರದಲ್ಲಿರುವುದು ನಿನ್ನ ಗಾಡಿಯೊಂದೇ. ಪಕ್ಕದ ಊರಿನವರಿಗೆ ಮುಂದಿನ ವಾರ ಕೊಟ್ಟರೂ ನಡೆಯುತ್ತದೆ. ಆದರೆ ಸೋಮವಾರ ಪುಟ್ಟಿಗೆ ಶಾಲೆಯ ಮೊದಲ ದಿನ. ಕೈ ಹಿಡಿದು ತರಗತಿಯ ಬಾಗಿಲವರೆಗೂ ಬರುತ್ತೇನೆ ಅಂತ ನೀನು ಅವಳಿಗೆ ಮಾತು ಕೊಟ್ಟಿದ್ದೀ. ಅವಳು ಅದನ್ನು ಹಾಲು ತರುವವನಿಗೂ ಹೇಳಿಯಾಗಿದೆ. ನಾನು ಒಪ್ಪಿಗೆ ಒತ್ತಲಿಲ್ಲ.

ಬೇರೆ ಗಾಡಿ ಹುಡುಕಪ್ಪಾ ಅಂತ ಅಳಿಯನಿಗೆ ಬರೆದೆ. ಹುಡುಕಿ ಇಲ್ಲ ಅಂದಿತು. ಇನ್ನೊಮ್ಮೆ ಹುಡುಕು ಅಂದೆ, ಅಷ್ಟೇ ವಿನಯದಿಂದ ಮತ್ತೆ ಇಲ್ಲ ಅಂದಿತು. ಈ ಡ್ರೈವರ್ ಹೋಗಲಾಗದಿದ್ದರೆ ಕಾರಣ ಆರಿಸಿ ಅಂತ ಕೇಳಿತು. ಗಾಡಿ ಕೆಟ್ಟಿದೆ, ಮೈ ಹುಷಾರಿಲ್ಲ, ರಸ್ತೆ ಮುಚ್ಚಿದೆ. ನಮ್ಮದು ಅದರಲ್ಲಿ ಯಾವುದೂ ಅಲ್ಲ. ಸುಳ್ಳು ಹೇಳಿ ನಿನಗೊಂದು ಜ್ವರ ಬರಿಸಬಹುದಿತ್ತು. ಒಂದು ಗಳಿಗೆ ಬರಿಸಿಯೂ ಬಿಟ್ಟೆ, ಆಮೇಲೆ ಅಳಿಸಿದೆ. ಆ ಚೀಲಕ್ಕಾಗಿ ಕಾಯುತ್ತಾ ಮಲಗಿರುವವರಿಗೂ ಮನೆ ಮಕ್ಕಳು ಇದ್ದಾರಲ್ಲ. ಕೊನೆಗೆ ಷರಾ ಬರೆಯುವ ಜಾಗದಲ್ಲಿ ಇದ್ದದ್ದನ್ನು ಇದ್ದಹಾಗೇ ಬರೆದೆ: 'ಈ ಡ್ರೈವರ್ ನನ್ನ ಹೆಂಡ್ತಿ. ಸೋಮವಾರ ಮಗಳನ್ನ ಶಾಲೆಗೆ ಬಿಡ್ತೀನಿ ಅಂತ ಮಾತು ಕೊಟ್ಟಿದ್ದಾಳೆ. ಅದಂತೂ ಇನ್ನು ಆಗಲ್ಲ. ಆದಷ್ಟು ಬೇಗ ವಾಪಸ್ ಕಳಿಸಿ.' ಬರೆದು ಒಪ್ಪಿಗೆ ಒತ್ತಿದೆ. ಆರ್ಡರ್ ಬಂದಾಗ ಯಾರೋ ಪುಣ್ಯಾತ್ಮನನ್ನು ನೀನು ಬಾಯಿತುಂಬ ಬೈದಿರುತ್ತೀ. ಆ ಪುಣ್ಯಾತ್ಮ ನಾನೇ.

ಷರಾ ಅಂದರೆ ನಮ್ಮ ನಮ್ಮೊಳಗಿನ ಮಾತು ಅಂದುಕೊಂಡಿದ್ದೆ. ಚಹಾ ತರುವುದು ಯಾರ ಸರದಿ ಅಂತಲೂ ಪ್ಯಾಕಿಂಗಿನವರು ಅಲ್ಲೇ ಬರೆಯುತ್ತಿದ್ದರು. ಆದರೆ ಅಳಿಯ ಮಹಾಶಯ ಅದನ್ನು ಸರಕು ಇಳಿಸಿಕೊಳ್ಳುವವರಿಗೆ ಕೊಟ್ಟ ಸೂಚನೆ ಅಂತ ತಿಳಿದು, ನೀಟಾಗಿ ಆಸ್ಪತ್ರೆಗೂ ಕಳಿಸಿಬಿಟ್ಟಿದೆ. ಇವತ್ತು ಬೆಳಿಗ್ಗೆ ಅಲ್ಲಿನ ಸ್ಟೋರಿನಮ್ಮ ಫೋನ್ ಮಾಡಿದರು. ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ. ಅವರು ನಗಲಿಲ್ಲ. 'ಗೇಟಲ್ಲಿ ಕಾಯಿಸಲ್ಲ, ನಾನೇ ನಿಂತು ಇಳಿಸ್ಕೋತೀನಿ. ಊಟ ಮಾಡಿಸಿ ಕಳಿಸ್ತೀನಿ, ಯೋಚನೆ ಮಾಡಬೇಡಿ' ಅಂದರು. ಆದ್ದರಿಂದ ಅಲ್ಲಿ ಕಂಡಕಂಡವರೆಲ್ಲ ನಿನ್ನ ಮಗಳ ಶಾಲೆಯ ವಿಷಯ ಕೇಳಿದರೆ ಗಾಬರಿಯಾಗಬೇಡ. ನನ್ನನ್ನು ಬೈಯಲೂ ಬೇಡ, ಮ್ಯಾನೇಜರು ಆ ಕೆಲಸ ಮಾಡಿ ಮುಗಿಸಿದ್ದಾರೆ. ಬೈಸಿಕೊಂಡದ್ದು ಅಳಿಯನಲ್ಲ, ನಾನು.

ಬೇಗ ಬಿಟ್ಟರು ಅಂತ ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸಬೇಡ. ಸೋಮವಾರ ಹೇಗೂ ಕೈತಪ್ಪಿತು, ಇನ್ನು ಅವಸರವೇನಿದೆ? ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಕಿಟಕಿಯ ಗಾಳಿ ಕಿವಿಗೆ ಹೊಗದ ಹಾಗೆ ಬಟ್ಟೆ ಸುತ್ತಿಕೋ ಅನ್ನುವ ಅಪ್ಪಣೆಯನ್ನೂ. ನೂರು ಕಾಲ ಚೆನ್ನಾಗಿರು.

ನಿನ್ನ ದಾರಿ ನೋಡುವ,
ಮನೆಯ ಕ್ಲೀನರ್

ಮರೆತದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮೀಸೆ ಮಾವ ಹಾರನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲೇ ಹೇಳಿಬಿಡುತ್ತೇನೆ. ನಿನ್ನೆ ಸಂಜೆ ಪುಟ್ಟಿಗೆ, ಅಮ್ಮ ಸೋಮವಾರ ಬರುವುದಿಲ್ಲ ಅಂದೆ. ರಂಪ ಮಾಡುತ್ತಾಳೆ ಅಂತ ಸಮಾಧಾನದ ಮಾತೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಅವಳು ತಲೆ ಎತ್ತದೆ 'ಸರಿ' ಅಂದು, ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂತಳು. ಅವಳಿಗೆ ಅಭ್ಯಾಸವಾಗಿಬಿಟ್ಟಿದೆ ಕಣೇ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಹತ್ತಿರದ ಊರುಗಳ ಗಾಡಿಗೆ ಡ್ರೈವರ್ ಬೇಕಾಗಿದ್ದಾರೆ, ದಿನಾ ಸಂಜೆ ಮನೆ ಸೇರಬಹುದು. ದೂರದ ದಾರಿ ಅಂದರೆ ನಿನಗೆ ಪ್ರಾಣ, ಅದಕ್ಕೇ ಇಷ್ಟು ವರ್ಷ ನಾನು ತುಟಿ ಬಿಚ್ಚಿರಲಿಲ್ಲ. ನಿನ್ನನ್ನು ಕೇಳದೆ ನಿನ್ನ ಹೆಸರು ಕೊಟ್ಟಿಲ್ಲ. ಈಗ ಕೇಳುತ್ತಿದ್ದೇನೆ. ಬಂದುಬಿಡೇ.