ಸಾಲು ತಪ್ಪಿದ ಬೀಗ

ಫೆಬ್ರವರಿ 6, ಬೆಳಿಗ್ಗೆ

ಗುಡ್ಡದ ದಾರಿಯ ಗೇಟಿಗೆ ಎಣ್ಣೆ ಬಿಟ್ಟೆ. ಬೀಗಗಳಿಗೂ. ನಾಲ್ಕು ಬೀಗ, ಒಂದರ ಕೊಂಡಿಗೆ ಇನ್ನೊಂದು ಸಿಕ್ಕಿಸಿ ಸರಪಳಿಯ ಎರಡು ತುದಿ ಸೇರಿಸಿದ್ದು — ಕರೆಂಟಿನವರದು, ಫೈರ್ ಎಂಜಿನ್‌ನವರದು, ಜೀಪಿನವರದು, ಕೊನೆಗೆ ಅರಣ್ಯ ಇಲಾಖೆಯದು, ಅಂದರೆ ನನ್ನದು. ಯಾರು ತಮ್ಮ ಬೀಗ ತೆಗೆದರೂ ಸರಪಳಿ ಬಿಚ್ಚಿಕೊಳ್ಳುತ್ತದೆ. ಒಬ್ಬರ ಕೀಗೆ ಇನ್ನೊಬ್ಬರು ಕಾಯುವ ಗೋಳಿಲ್ಲ.

ಜೀಪು ಓಡಿಸುವ ನಮ್ಮ ತಮ್ಮನಿಗೆ ಮಾತ್ರ, ಕೈಯಲ್ಲಿ ಕೀ ಇದ್ದರೂ ಹಾರ್ನ್ ಹೊಡೆಯಲೇಬೇಕು. ಎರಡು ಗಿಡ್ಡ, ಒಂದು ಉದ್ದ. ಅಕ್ಕನೇ ಬಂದು ತೆಗೆಯಬೇಕಂತೆ, ಮಹಾರಾಜರ ಸವಾರಿ! ಜೀಪಿನ ತುಂಬ ಟೂರಿಸ್ಟ್‌ಗಳು ಹಲ್ಲು ಕಿರಿಯುತ್ತಿರುತ್ತಾರೆ. ಬೈದುಕೊಂಡೇ ತೆಗೆಯುತ್ತೇನೆ.

ಫೆಬ್ರವರಿ 19

ಆರ್ಡರ್ ಬಂತು. ಒಂದನೇ ತಾರೀಖಿನಿಂದ ಗುಡ್ಡದ ಮೇಲೆ ಖಾಸಗಿ ವಾಹನ ಬಂದ್. ಸರಿಯಾಗಿಯೇ ಇದೆ. ಹುಲ್ಲುಗಾವಲನ್ನು ಜೀಪಿನ ಚಕ್ರಗಳಲ್ಲಿ ಗದ್ದೆ ಉತ್ತ ಹಾಗೆ ಉತ್ತು ಹಾಕಿದ್ದಾರೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಹೋದ ವರ್ಷ ಒಂದೂ ಕಾಣಲಿಲ್ಲ.

ಆದರೆ ಮನೆಯಲ್ಲಿ... ಅಮ್ಮ ಇಬ್ಬರಿಗೂ ಬಡಿಸುತ್ತಿದ್ದರು. ತಮ್ಮ ಕೇಳಿದ, "ಮುಂಚೇನೇ ಒಂದು ಮಾತು ಹೇಳ್ಬಹುದಿತ್ತಲ್ವಾ ಅಕ್ಕ?" ನನಗೂ ಇವತ್ತೇ ಗೊತ್ತಾಗಿದ್ದು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಕೇಳಬೇಕಲ್ಲ! "ದೇವರು ಕಾಲು ಕೊಟ್ಟಿಲ್ವಾ? ಜನರನ್ನ ನಡೆಸ್ಕೊಂಡು ಹೋಗು" ಅಂದೆ. ಊಟ ಬಿಟ್ಟು ಎದ್ದ.

ಮಾರ್ಚ್ 1

ಜೀಪಿನವರ ಬೀಗ ತೆಗೆದುಹಾಕಿದೆ. ಡ್ರೈವರ್‌ಗಳೆಲ್ಲ ಸುತ್ತ ನಿಂತಿದ್ದರು. ಮೀಸೆ — ತಮ್ಮನ ಜೀವದ ಗೆಳೆಯ — "ತಮ್ಮನ ಹೊಟ್ಟೆ ಮೇಲೆ ಹೊಡೆಯೋ ಅಕ್ಕನ್ನ ಇವತ್ತೇ ನೋಡಿದ್ದು" ಅಂದ. ನಕ್ಕರು. ತಮ್ಮ ನಗಲಿಲ್ಲ, ಅವರನ್ನು ತಡೆಯಲೂ ಇಲ್ಲ. ತಾನೇ ಮುಂದೆ ಬಂದು ಕೀ ನನ್ನ ಕೈಗಿಟ್ಟ. ಕಣ್ಣು ಮಂಜಾಯಿತು. ಉಳಿದ ಮೂರನ್ನು ಹೇಗೋ ಸಿಕ್ಕಿಸಿ, ಜಗ್ಗಿ ನೋಡಿ, ಹಿಂತಿರುಗದೆ ಚೆಕ್‌ಪೋಸ್ಟಿನೊಳಗೆ ಬಂದೆ.

ಮಾರ್ಚ್ 4

ಯಾರೋ ಸರಪಳಿಗೆ ಗರಗಸ ಆಡಿಸಿದ್ದಾರೆ. ಗೀರು ಬಿದ್ದಿದೆ, ಅಷ್ಟೇ. ಗಟ್ಟಿ ಉಕ್ಕಿನದೇ ಬೇಕು ಅಂತ ಆಫೀಸಿನಲ್ಲಿ ಜಗಳ ಆಡಿ ತರಿಸಿದ್ದು ನಾನು. ಗೇಟಿನ ಎರಡೂ ಪಕ್ಕಕ್ಕೆ ಜೆಸಿಬಿಯಿಂದ ಬಂಡೆ ಹೊರಳಿಸಿದೆ. ನಡೆಯುವವರಿಗೆ ಒಂದು ಸಂದು ಬಿಟ್ಟಿದ್ದೇನೆ. ಈಗ ಬರಲಿ, ಅದ್ಯಾವ ಗಾಡಿ ನುಗ್ಗುತ್ತದೋ ನೋಡೋಣ.

ಮಾರ್ಚ್ 22

ತಮ್ಮ ಗೈಡ್ ಆಗಿದ್ದಾನೆ. ಜನರನ್ನು ನಡೆಸಿಕೊಂಡೇ ಹೋಗುತ್ತಾನೆ. ಜೀಪಿಗೆ ಟಾರ್ಪಾಲು ಹೊದಿಸಿದ್ದಾನೆ. ನನ್ನೆದುರಿಗೇ ಸಂದಿನಲ್ಲಿ ನುಸುಳುತ್ತಾನೆ, ಮುಖ ಎತ್ತುವುದಿಲ್ಲ. ಶೂ ಬಾಯಿ ಬಿಟ್ಟಿದೆ. ಹೊಸದು ತಂದುಕೊಡೋಣ ಅನಿಸುತ್ತದೆ. ಅವನು ಮೊದಲು ಮಾತಾಡಲಿ. ಬಿಂಕ ನಮ್ಮ ಮನೆಯಲ್ಲಿ ಯಾರಿಗೆ ಕಮ್ಮಿ?

ಹುಲ್ಲು ಪೂರ್ತಿ ಒಣಗಿದೆ. ಕಿಡಿ ಬಿದ್ದರೆ ಸಾಕು.

ಏಪ್ರಿಲ್ 2, ಮಧ್ಯಾಹ್ನ

ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಪೇಟೆಯ ಆಫೀಸಿನಲ್ಲಿ ಮೀಟಿಂಗ್. ಒಂದು ಚಕ್ರವೂ ಒಳಗೆ ಹೋಗಿಲ್ಲ ಅಂತ ಸಾಹೇಬರು ಹೊಗಳುತ್ತಿದ್ದರು. ನಾನು ಉಬ್ಬಿಕೊಂಡು ಕೂತಿದ್ದೆ. ಫೋನ್ ಬಂತು, ಫೈರ್ ಎಂಜಿನ್ ಡ್ರೈವರ್. "ಮೇಡಂ, ಗುಡ್ಡಕ್ಕೆ ಬೆಂಕಿ ಬಿದ್ದಿದೆ. ನಮ್ಮ ಬೀಗ ತೆಗೆದ್ವಿ, ಸರಪಳಿ ಬಿಚ್ಕೊಳ್ತಾ ಇಲ್ಲ."

ನನ್ನ ಕೀ ನನ್ನ ಸೊಂಟದಲ್ಲಿ. ಸಾಹೇಬರ ಗಾಡಿಯಲ್ಲೇ ಓಡಿಬಂದೆವು. ದಾರಿಯಲ್ಲಿ ಅಮ್ಮನ ಫೋನ್ — ತಮ್ಮ ಬೆಳಿಗ್ಗೆಯೇ ಜನರನ್ನು ಕರೆದುಕೊಂಡು ಮೇಲೆ ಹೋಗಿದ್ದಾನೆ.

ಗೇಟಿನಲ್ಲಿ, ಸರಪಳಿ ಕತ್ತರಿಸಲು ಹೋಗಿ ಫೈರ್‌ನವರ ಕಟರಿನ ಬಾಯಿ ಮೊಂಡಾಗಿತ್ತು. ಪಕ್ಕದಿಂದ ನುಗ್ಗೋಣ ಅಂದರೆ ನನ್ನ ಬಂಡೆಗಳು. ಬೀಗಗಳನ್ನು ನೋಡಿದೆ. ಅಯ್ಯೋ... ಜೀಪಿನವರ ಬೀಗ ತೆಗೆದ ದಿನ ನನ್ನ ಬೀಗವನ್ನು ಫೈರ್‌ನವರ ಬೀಗಕ್ಕೆ ಸಿಕ್ಕಿಸುವ ಬದಲು ನೇರ ಕರೆಂಟಿನವರದಕ್ಕೆ ಸಿಕ್ಕಿಸಿಬಿಟ್ಟಿದ್ದೇನೆ. ಫೈರ್‌ನವರದು ಸಾಲಿನಲ್ಲೇ ಇಲ್ಲ. ಪಕ್ಕದಲ್ಲಿ ಕಿವಿಯೋಲೆಯ ಹಾಗೆ ನೇತಾಡುತ್ತಿತ್ತು. ಒಂದು ತಿಂಗಳು ದಿನಾ ನೋಡಿದ್ದೇನೆ, ಕಂಡಿಲ್ಲ.

ತೆಗೆದೆ. ಎಂಜಿನ್ ಹೋಯಿತು. ಹಿಂದೆಯೇ ಜೀಪುಗಳ ಸಾಲು, ಮೇಲಿನ ಜನರನ್ನು ಇಳಿಸಲು. ಎಲ್ಲಕ್ಕೂ ಮುಂದೆ ನಮ್ಮದೇ ಜೀಪು, ಸ್ಟಿಯರಿಂಗಿನಲ್ಲಿ ಮೀಸೆ. ಅಮ್ಮ ಕೀ ಕೊಟ್ಟು ಕಳಿಸಿದ್ದಾರೆ. ಖಾಸಗಿ ವಾಹನ ಬಿಡುವ ಹಾಗಿಲ್ಲ, ಮೇಲಿನವರನ್ನು ಕೇಳಬೇಕು ಅಂತ ಸಾಹೇಬರು ಅಡ್ಡ ಬಂದರು. ಗೇಟನ್ನು ಪೂರ್ತಿ ತಳ್ಳಿದೆ.

"ಬಿಟ್ಟೆ ಸಾರ್. ನನ್ನ ಹೆಸರಲ್ಲೇ ಬರ್ಕೊಳ್ಳಿ. ಬೀಗ ತಪ್ಪಾಗಿ ಹಾಕಿದ್ದೂ ನಾನೇ, ಅದನ್ನೂ ಬರ್ಕೊಳ್ಳಿ."

ಅದೇ ದಿನ, ಸಂಜೆ

ಜೀಪುಗಳು ಒಂದೊಂದಾಗಿ ಇಳಿಯುತ್ತಿವೆ. ಪ್ರತಿಯೊಂದರಲ್ಲೂ ಇಣುಕುತ್ತೇನೆ. ಮಸಿ ಹತ್ತಿದ ಮುಖಗಳು, ಅವನಿಲ್ಲ. ಒಬ್ಬಾಕೆ ಹೇಳಿದಳು, ಗೈಡ್ ನಮ್ಮನ್ನೆಲ್ಲ ಹುಲ್ಲಿಲ್ಲದ ಬಂಡೆ ಬಯಲಿಗೆ ಸೇರಿಸಿ, ಹಿಂದುಳಿದ ಮುದುಕರೊಬ್ಬರನ್ನು ಕರೆತರಲು ಮತ್ತೆ ಹೊಗೆಯೊಳಗೆ ಹೋದರು ಅಂತ. ನಡೆದುಕೊಂಡು. ಆ ಬಾಯಿಬಿಟ್ಟ ಶೂನಲ್ಲಿ. ಫೋನ್ ಸ್ವಿಚ್ ಆಫ್.

ಅಮ್ಮ ಬಂದು ನಾನು ಹೊರಳಿಸಿದ ಬಂಡೆಯ ಮೇಲೆ ಕೂತಿದ್ದಾರೆ. ಬೈಯುತ್ತಿಲ್ಲ. ಬೈದರೆ ಚೆನ್ನಾಗಿತ್ತು.

ಎಲ್ಲ ಜೀಪೂ ಬಂದವು. ನಮ್ಮದೊಂದು ಬಿಟ್ಟು.

ತಿರುವಿನಲ್ಲಿ ಲೈಟು. ನಮ್ಮದೇ, ಒಂದೇ ಕಣ್ಣು ಉರಿಯುತ್ತಿದೆ. ತುಂಬ ನಿಧಾನ. ಓಡಿಸುತ್ತಿರುವುದು ಯಾರು, ಹೊಗೆಯಲ್ಲಿ ಕಾಣುತ್ತಿಲ್ಲ. ಮೀಸೆಯೇ ಇರಬೇಕು, ಅವನೇ ಅಲ್ಲವಾ ಹತ್ತಿಸಿಕೊಂಡು ಹೋಗಿದ್ದು. ಅಮ್ಮ ಎದ್ದು ನಿಂತರು. ಗೇಟು ಹಾರುಹೊಡೆದೇ ಇದೆ, ಹಾರ್ನ್ ಹೊಡೆಯುವ ಅಗತ್ಯ ಯಾರಿಗೂ ಇಲ್ಲ.

ಹಾರ್ನ್. ಎರಡು ಗಿಡ್ಡ. ಒಂದು