ಅಕ್ಕನ ಅಡ್ಡಾಟ

ಮಾರ್ಚ್ ೯, ಭಾನುವಾರ

ಖುಷಿಯಲ್ಲಿ ನನಗೆ ನಿದ್ದೆಯೇ ಬರುತ್ತಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿ ವರ್ಷಗಟ್ಟಲೆ ಓಡಿದ ಅಕ್ಕ ಕಾಲು ಮುರಿದುಕೊಂಡು ಮಲಗಿದಾಗ, ಇನ್ನು ನಡೆಯುವುದೇ ಇಲ್ಲವೇನೋ ಎಂದು ಹೆದರಿದ್ದೆ. ಇವತ್ತು ಮೊದಲ ಸಲ ಊರುಗೋಲಿಲ್ಲದೆ ಬೀದಿಗಿಳಿದಳು. ಜೀವ ಕೈಯಲ್ಲಿ ಹಿಡಿದುಕೊಂಡು ನಾನೂ ಹಿಂದೆಯೇ ಹೋದೆ. ಬೇಕರಿಯ ಮುಂದೆ ನಿಂತಳು, ಯಾರದೋ ಬೆಕ್ಕನ್ನು ಮಾತಾಡಿಸಿದಳು.

ಎದುರಂಗಡಿಯ ಟೈಲರ್ ಹೊಲಿಗೆ ನಿಲ್ಲಿಸಿ ಕೂಗಿದ: "ಏನ್ ಸಿಸ್ಟರ್, ಓಡಾಡೋ ಹಾಗಾದ್ರಾ?"

"ಓಡಾಟ ಮುಗೀತಪ್ಪ. ಇದು ಅಡ್ಡಾಟ!"

"ಎರಡೂ ಒಂದೇ ಅಲ್ವಾ?"

"ಓಡಾಡೋಕೆ ಕೆಲಸ ಇರಬೇಕು. ಅಡ್ಡಾಡೋಕೆ ಕಾಲಿದ್ರೆ ಸಾಕು."

ಹಾಗೆಂದವಳೇ ನಾನು ಹಿಡಿದಿದ್ದ ತೋಳು ಬಿಡಿಸಿಕೊಂಡು ಬೀದಿಯ ಕೊನೆಯವರೆಗೂ ಹೋದಳು. ಕಾಲು ಸ್ವಲ್ಪ ಊದಿದೆ. ಬೈಯೋಣವೆಂದುಕೊಂಡೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ, "ನಾಳೆ ಎಷ್ಟೊತ್ತಿಗೆ ಹೊರಡೋಣ ಕಣೇ?" ಎಂದು ಕೇಳುತ್ತಿದ್ದಾಳೆ.

ಎದ್ದಾಗ ಹೊರಡೋಣ ಅಕ್ಕಾ, ಅವಸರವೇನಿದೆ...